ಮುದುಡುವ ಕಾಗದ, ಉಳಿಯುವ ಗೊಂಬೆ

(ಕರಕುಶಲ ವಸ್ತು ತಯಾರಕರು ಮತ್ತು ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಮೈಸೂರಿನಲ್ಲಿ ನಡೆದ ಒಂದು ದಿನದ ಶಿಬಿರದಲ್ಲಿ ಆಡಿದ ಮಾತುಗಳು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ನನ್ನ ಮುಂದಿರುವ ಈ ರಟ್ಟಿನ ಪೆಟ್ಟಿಗೆಯೊಳಗೆ ಒಂದು ಮಣ್ಣಿನ ಗಿಳಿ ಇದೆ. ಗೇಣುದ್ದದ ಗಿಳಿ. ಕೊಕ್ಕು ಬಾಗಿದೆ, ಬಾಲ ಹಿಂದಕ್ಕೆ ಚಾಚಿದೆ. ಗೊಂಬೆಗಳನ್ನು ಊರಿಂದ ಊರಿಗೆ ಕಳುಹಿಸುವ ನಮ್ಮಂಥವರಿಗೆ ಇಂಥ ಆಕಾರ ಕಂಡರೆ ಭಯ. ಎಲ್ಲಿ ಮುರಿಯುತ್ತೇನೆ ಎಂಬುದನ್ನು ಅದು ಮೊದಲೇ ತೋರಿಸಿಕೊಂಡು ಕುಳಿತಿರುತ್ತದೆ. ಬೆಳಿಗ್ಗೆ ಇದನ್ನು ನಾನೇ ಕಟ್ಟಿ ತಂದೆ. ಹೊರಗಿನ ಪೆಟ್ಟಿಗೆ, ಒಳಗಿನ ಮೆತ್ತೆ, ಮೇಲೆ ಅಂಟಿಸಿದ ಪಟ್ಟಿ, ಎಲ್ಲವೂ ಕಾಗದವೇ. ಮೊದಲ ಸಾಲಿನಲ್ಲಿ ಕುಳಿತಿರುವ ಈ ಇಬ್ಬರು ವಿದ್ಯಾರ್ಥಿಗಳು ಇದನ್ನು ಈಗ ಹತ್ತು ಸಲ ನೆಲಕ್ಕೆ ಬೀಳಿಸುತ್ತಾರೆ. ಮೆಲ್ಲಗೆ ಇಡುವುದಲ್ಲ, ಕೈಬಿಡುವುದು. ಒಂದು ಮೂಲೆಯ ಮೇಲೆ ಒಂದು ಸಲ, ಆ ಮೂಲೆಗೆ ಬಂದು ಸೇರುವ ಮೂರು ಅಂಚುಗಳ ಮೇಲೆ ಒಂದೊಂದು ಸಲ, ಆರು ಮುಖಗಳ ಮೇಲೆ ಒಂದೊಂದು ಸಲ. ನಾನು ಮಾತು ಮುಗಿಸುವಾಗ ತೆರೆದು ನೋಡೋಣ.

ಈ ಹತ್ತರ ಲೆಕ್ಕ ನಾನು ಹುಟ್ಟಿಸಿದ್ದಲ್ಲ. ಪಾರ್ಸೆಲ್‌ಗಳ ಪರೀಕ್ಷೆಗೆ ಕ್ರಮಗಳನ್ನು ರೂಪಿಸುವ ಇಂಟರ್‌ನ್ಯಾಷನಲ್ ಸೇಫ್ ಟ್ರಾನ್ಸಿಟ್ ಅಸೋಸಿಯೇಷನ್ ಎಂಬ ಸಂಸ್ಥೆ ಇದೆ. ಅದರ ಅತ್ಯಂತ ಸರಳವಾದ ಪರೀಕ್ಷೆಯಲ್ಲಿ ಬೀಳಿಸುವ ಕ್ರಮ ಇದು. ಹತ್ತು ಕಿಲೋಗಿಂತ ಹಗುರವಾದ ಪೆಟ್ಟಿಗೆಯಾದರೆ ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸಬೇಕು. ನಮ್ಮ ಊಟದ ಮೇಜಿನ ಎತ್ತರ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ, ನಿಮ್ಮ ಮನೆಯ ಮೇಜು ಸಾಕು.

ಮೈಸೂರಿನವರಿಗೆ ಗೊಂಬೆ ಕಟ್ಟಿಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವಿಜಯದಶಮಿ ಕಳೆದು ಗೊಂಬೆಗಳನ್ನು ಇಳಿಸಿದ ಮೇಲೆ ನಮ್ಮ ಅತ್ತೆಯವರು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಪಕ್ಕದಲ್ಲಿ ತಗಡಿನ ಟ್ರಂಕು, ಇನ್ನೊಂದು ಕಡೆ ಹಳೆಯ ಹತ್ತಿಯ ಸೀರೆಯ ತುಂಡುಗಳ ರಾಶಿ. ಚಂದನದ ಮರದ ಪಟ್ಟದ ಗೊಂಬೆಗಳಿಗೆ ಮೆದು ಬಟ್ಟೆ, ಮಣ್ಣಿನವಕ್ಕೆ ಮೊದಲು ಬಟ್ಟೆ, ಆಮೇಲೆ ಕಾಗದ. ಟ್ರಂಕಿನ ತಳದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಮುದುಡಿದ ಕಾಗದ ಹಾಸದೆ ಒಂದು ಗೊಂಬೆಯನ್ನೂ ಒಳಗಿಡುತ್ತಿರಲಿಲ್ಲ. ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ. ಮುಖಕ್ಕೆ ಮುಖ ತಾಗಬಾರದು. ಎಲ್ಲ ಮುಗಿದ ಮೇಲೆ ಟ್ರಂಕನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ ಕಿವಿಗೊಟ್ಟು ಕೇಳುತ್ತಿದ್ದರು. ಒಳಗೆ ಏನಾದರೂ ಸರಿದ ಸದ್ದು ಬಂದರೆ ಮತ್ತೆ ತೆರೆದು ಆ ಸಂದಿಗೆ ಕಾಗದ ತುರುಕುತ್ತಿದ್ದರು. ಇವತ್ತು ನಾನು ಹೇಳಬೇಕೆಂದಿರುವುದರಲ್ಲಿ ಮುಕ್ಕಾಲು ಪಾಲು ಆ ಟ್ರಂಕಿನ ಸುತ್ತ ನಡೆದುಹೋಗಿದೆ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಗೊಂಬೆಗಳು ಒಡೆಯಬೇಕಾಯಿತು.

ಅದಕ್ಕೂ ಹಿಂದಿನವರು ಬೇರೆ ದಾರಿಗಳನ್ನು ಕಂಡುಕೊಂಡಿದ್ದರು. ಗಾಡಿಯಲ್ಲಿ ಮಡಕೆ ಸಾಗಿಸುವಾಗ ಬತ್ತದ ಹುಲ್ಲು ಹಾಸಿ, ಮಡಕೆ ಮಡಕೆಯ ನಡುವೆಯೂ ಹುಲ್ಲು ತುಂಬುತ್ತಿದ್ದರು. ಮೊಟ್ಟೆಯನ್ನು ರಾಗಿಯೊಳಗೋ ಹೊಟ್ಟಿನೊಳಗೋ ಹೂತಿಡುತ್ತಿದ್ದರು. ತಲೆಯ ಮೇಲೆ ಬಿಂದಿಗೆ ಹೊತ್ತವರು ಕೆಳಗೆ ಸಿಂಬಿ ಇಟ್ಟುಕೊಳ್ಳುತ್ತಿದ್ದರು. ಸಿಂಬಿ ಏನು ಮಾಡುತ್ತದೆ ಎಂದು ಒಂದು ಗಳಿಗೆ ಯೋಚಿಸಿ. ಬಿಂದಿಗೆಯ ತೂಕವನ್ನು ಅದು ಒಂದು ಗುಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಒಂದೇ ಬಿಂದುವಿನ ಮೇಲೆ ಬೀಳುತ್ತಿದ್ದ ಭಾರವನ್ನು ಅಗಲಕ್ಕೆ ಹರಡುತ್ತದೆ, ಹೆಜ್ಜೆ ಹಾಕಿದಾಗಿನ ಕುಲುಕನ್ನು ತಾನು ನುಂಗುತ್ತದೆ. ಪ್ಯಾಕಿಂಗ್‌ನ ಮೆತ್ತೆ ಮಾಡುವ ಕೆಲಸವೂ ಇದೇ.

ನನ್ನ ದೊಡ್ಡ ನಷ್ಟದ ಕತೆಯನ್ನು ಹೇಳಿಬಿಡುತ್ತೇನೆ. ಆರು ವರ್ಷಗಳ ಹಿಂದೆ, ಶ್ರಾವಣದಲ್ಲಿ, ಶಿವಮೊಗ್ಗದ ಒಂದು ಮನೆಗೆ ದಶಾವತಾರದ ಹತ್ತು ಗೊಂಬೆಗಳ ಸೆಟ್ ಕಳುಹಿಸಿದೆ. ಕುಂಬಾರಗೇರಿಯಲ್ಲಿ ಹೇಳಿ ಮಾಡಿಸಿದ್ದು. ಬಬಲ್ ರ‍್ಯಾಪ್ ಎಂಬ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆಯನ್ನು ಬಿಡಬೇಕೆಂದು ಆಗತಾನೇ ಮನಸ್ಸು ಮಾಡಿದ್ದೆ. ಒಂದು ದೊಡ್ಡ ಪೆಟ್ಟಿಗೆ ತೆಗೆದುಕೊಂಡು, ಒಂದೊಂದು ಗೊಂಬೆಗೂ ದಿನಪತ್ರಿಕೆಯ ಹಾಳೆ ಸುತ್ತಿ, ಉಳಿದ ಜಾಗಕ್ಕೆ ಪತ್ರಿಕೆಯನ್ನೇ ಉಂಡೆ ಕಟ್ಟಿ ಹಾಕಿ ಕಳುಹಿಸಿದೆ. ಆ ಮನೆಯ ಹಿರಿಯರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. "ವಾಮನನ ಕೊಡೆ ಹೋಗಿದೆಯಮ್ಮ, ಪರಶುರಾಮನ ಕೈ ಕೊಡಲಿಯ ಸಮೇತ ಬಂದುಬಿಟ್ಟಿದೆ" ಎಂದು ಬೇಸರದಿಂದ ಹೇಳಿದರು. ಹತ್ತರಲ್ಲಿ ನಾಲ್ಕು ಒಡೆದಿದ್ದವು. ನಾನು ಕೊರಿಯರ್‌ನವರ ಮೇಲೆ ಕೂಗಾಡಿದೆ. ಆಮೇಲೆ ಅವರು ಕಳುಹಿಸಿದ ಚಿತ್ರಗಳನ್ನು ನಿಧಾನವಾಗಿ ನೋಡಿದೆ. ಪೆಟ್ಟಿಗೆಯ ಹೊರಗೆ ಒಂದು ಮೂಲೆ ಸ್ವಲ್ಪ ಜಜ್ಜಿದ್ದು ಬಿಟ್ಟರೆ ಬೇರೆ ಗಾಯ ಇರಲಿಲ್ಲ. ಒಳಗೆ ಪತ್ರಿಕೆಯ ಉಂಡೆಗಳೆಲ್ಲ ತಳ ಸೇರಿ ಚಪ್ಪಟೆಯಾಗಿದ್ದವು, ಮೇಲೆ ಅಂಗೈಯಗಲ ಖಾಲಿ ಜಾಗ. ಭಾರವಾದ ಕೂರ್ಮವೂ ವರಾಹವೂ ದಾರಿಯುದ್ದಕ್ಕೂ ಉಳಿದವರನ್ನು ಗುದ್ದುತ್ತಾ ಹೋಗಿದ್ದವು. ಗೊಂಬೆಗಳನ್ನು ಒಡೆದದ್ದು ಗೊಂಬೆಗಳೇ. ಅವುಗಳಿಗೆ ಜಾಗ ಬಿಟ್ಟುಕೊಟ್ಟವಳು ನಾನು.

ಬಿದ್ದಾಗ ಏನಾಗುತ್ತದೆ ಎಂಬುದರ ಸಣ್ಣ ಲೆಕ್ಕ ಹೇಳುತ್ತೇನೆ. ಕೂಡುವುದು ಭಾಗಿಸುವುದು ಬಂದರೆ ಸಾಕು. ಮೇಜಿನೆತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 14 ಕಿಲೋಮೀಟರ್ ವೇಗದಲ್ಲಿರುತ್ತದೆ, ಸೈಕಲ್ ಓಡುವ ವೇಗ. ಆ ವೇಗ ಸೊನ್ನೆಗೆ ಇಳಿಯಲೇಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಎನ್ನುವುದರ ಮೇಲೆ ಗೊಂಬೆಯ ಹಣೆಬರಹ ನಿಂತಿದೆ. ಬಿದ್ದ ಎತ್ತರವನ್ನು ಮೆತ್ತೆ ಕುಸಿದ ದೂರದಿಂದ ಭಾಗಿಸಿ. 76 ಸೆಂಟಿಮೀಟರ್ ಬಿದ್ದು, ಮೆತ್ತೆ 2 ಸೆಂಟಿಮೀಟರ್ ಕುಸಿದರೆ 38. ಅಂದರೆ ಗೊಂಬೆಯ ಮೇಲೆ ಸರಾಸರಿ ಅದರ ತೂಕದ ಸುಮಾರು 38 ಪಟ್ಟು ಬಲ. ಅದೇ ಮೆತ್ತೆ ಮೊದಲೇ ಚಪ್ಪಟೆಯಾಗಿ, ಕುಸಿಯಲು ಉಳಿದದ್ದು 4 ಮಿಲಿಮೀಟರ್ ಮಾತ್ರವಾದರೆ 190 ಪಟ್ಟು. ಕ್ರಿಕೆಟ್ ಚೆಂಡು ಹಿಡಿಯುವ ಹುಡುಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದೇ ಲೆಕ್ಕದಿಂದ. ಮೆತ್ತೆ ಎಷ್ಟು ಮೆದುವಾಗಿದೆ ಎಂದು ಕೈಯಲ್ಲಿ ಅಮುಕಿ ನೋಡುವುದರಿಂದ ಪ್ರಯೋಜನವಿಲ್ಲ. ಪೆಟ್ಟು ಬಿದ್ದ ಗಳಿಗೆಯಲ್ಲಿ ಅದಕ್ಕೆ ಕುಸಿಯಲು ಎಷ್ಟು ದೂರ ಉಳಿದಿದೆ ಎಂದು ಕೇಳಿಕೊಳ್ಳಬೇಕು.

ಇಲ್ಲಿ ಕಾಗದದ ಗುಣ ಬೇರೆ, ಪ್ಲಾಸ್ಟಿಕ್ ನೊರೆಯ ಗುಣ ಬೇರೆ. ಸ್ಪಂಜಿನಂಥ ಪ್ಲಾಸ್ಟಿಕ್ ಹಾಳೆ ಪೆಟ್ಟು ಬಿದ್ದಾಗ ಕುಗ್ಗಿ, ಮತ್ತೆ ಹಿಗ್ಗುತ್ತದೆ. ಕಾಗದ ಹಿಗ್ಗುವುದಿಲ್ಲ. ಅದರ ಮಡಿಕೆಗಳು ಬಾಗುತ್ತವೆ, ಸುಕ್ಕುಗಳು ಮುರಿಯುತ್ತವೆ. ಗೊಂಬೆಗೆ ಬೀಳಬೇಕಿದ್ದ ಪೆಟ್ಟು ಆ ಬಾಗುವಿಕೆಯಲ್ಲೇ ವ್ಯಯವಾಗುತ್ತದೆ. ಕಾಗದ ಕಾಪಾಡುವುದು ತಾನು ಮುದುಡಿ ಹಾಳಾಗುವುದರಿಂದ. ಒಂದು ಸಲ ಹಾಳಾದ ಜಾಗ ಎರಡನೆಯ ಪೆಟ್ಟಿಗೆ ಅಷ್ಟೇ ಚೆನ್ನಾಗಿ ನಿಲ್ಲುವುದಿಲ್ಲ. ಕಾಗದಕ್ಕೆ ಬದಲಾಯಿಸಿಕೊಂಡ ಮೇಲೆ ಒಡೆಯುವುದು ಹೆಚ್ಚಾಯಿತು ಎಂದು ಹೇಳುವವರಲ್ಲಿ ಬಹಳ ಮಂದಿ ಕಾಗದವನ್ನು ಪ್ಲಾಸ್ಟಿಕ್ಕಿನಂತೆ ಬಳಸಿರುತ್ತಾರೆ. ಬಬಲ್ ರ‍್ಯಾಪ್ ಎರಡು ಸುತ್ತು ಹಾಕುತ್ತಿದ್ದ ಜಾಗಕ್ಕೆ ಕಾಗದ ಎರಡು ಸುತ್ತು ಹಾಕಿದರೆ ಆಗುವುದಿಲ್ಲ. ಹತ್ತು ಪೆಟ್ಟು ತಿನ್ನಬೇಕಾದ ಪಾರ್ಸೆಲ್‌ಗೆ ಹತ್ತು ಪೆಟ್ಟಿನ ಕಾಗದ ಬೇಕು, ಆರೂ ಕಡೆ ಬೇಕು.

ಇದು ಹೊಸ ವಿದ್ಯೆಯೂ ಅಲ್ಲ. ರಟ್ಟಿನ ಪೆಟ್ಟಿಗೆಯ ಗೋಡೆಯಲ್ಲಿ ಅಲೆಯಲೆಯಾಗಿ ಕಾಣುತ್ತದಲ್ಲ, ಆ ಅಲೆಯ ಕಾಗದಕ್ಕೆ ಮೊದಲ ಪೇಟೆಂಟ್ ಆದದ್ದು 1856ರಲ್ಲಿ, ಇಂಗ್ಲೆಂಡಿನಲ್ಲಿ. ಪೆಟ್ಟಿಗೆಗಾಗಿ ಅಲ್ಲ, ಗಂಡಸರ ಎತ್ತರದ ಟೋಪಿಗಳ ಒಳಪಟ್ಟಿಗಾಗಿ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಎಂಬವನು ಬಾಟಲಿ ಮತ್ತು ಲಾಟೀನಿನ ಗಾಜಿನ ಚಿಮಣಿಗಳಿಗೆ ಅದನ್ನು ಸುತ್ತುವ ಉಪಾಯಕ್ಕೆ ಪೇಟೆಂಟ್ ಪಡೆದ. ಲಾಟೀನಿನ ಗಾಜು ಎಷ್ಟು ತೆಳು ಎಂಬುದು ಇಲ್ಲಿರುವ ಹಿರಿಯರಿಗೆ ನೆನಪಿರುತ್ತದೆ. ಬೂದಿ ಹಾಕಿ ಒರೆಸುವಾಗಲೇ ಒಡೆದು ಬೈಸಿಕೊಂಡವರು ನಾವು. ಅದನ್ನು ರೈಲಿನಲ್ಲಿ ಕುದುರೆಗಾಡಿಯಲ್ಲಿ ಸಾಗಿಸಿದ್ದು ಕಾಗದ. 1874ರಲ್ಲಿ ಅಲೆಯ ಹಾಳೆಗೆ ಸಪಾಟು ಹಾಳೆ ಅಂಟಿಸಿ ಗಟ್ಟಿ ಮಾಡಿದರು. ನಾವು ಇಂದು ಮೂರು ಪ್ಲೈ, ಐದು ಪ್ಲೈ ಎಂದು, ಅಂದರೆ ಮೂರು ಪದರ, ಐದು ಪದರ ಎಂದು, ಕೇಳಿ ಕೊಳ್ಳುವ ಬಾಕ್ಸ್‌ಗಳು ಆ ವಂಶದವೇ. ಬಬಲ್ ರ‍್ಯಾಪ್ ಹುಟ್ಟಿದ್ದು ಅದಾದ ಎಷ್ಟೋ ಕಾಲಕ್ಕೆ, 1957ರಲ್ಲಿ. ಗೋಡೆಗೆ ಅಂಟಿಸುವ ಉಬ್ಬುತಗ್ಗಿನ ಹಾಳೆ ಮಾಡಲು ಹೊರಟ ಇಬ್ಬರಿಗೆ ಅಮೆರಿಕದಲ್ಲಿ ಅದು ಸಿಕ್ಕಿತು.

ಈಗ ಕೈಕೆಲಸಕ್ಕೆ ಬರೋಣ. ಇದು ಕಂದು ಬಣ್ಣದ ಕ್ರಾಫ್ಟ್ ಕಾಗದ. ಕ್ರಾಫ್ಟ್ ಎಂದರೆ ಜರ್ಮನ್ ಭಾಷೆಯಲ್ಲಿ ಬಲ. ಮರದ ನಾರನ್ನು ಹೆಚ್ಚು ಕಡಿಯದೆ ಬೇರ್ಪಡಿಸುವ ಈ ವಿಧಾನವನ್ನು 1879ರಲ್ಲಿ ಕಾರ್ಲ್ ಡಾಲ್ ಕಂಡುಹಿಡಿದ. ನಾರು ಉದ್ದವಾಗಿ ಉಳಿಯುವುದರಿಂದ ಕಾಗದ ಸುಲಭಕ್ಕೆ ಹರಿಯುವುದಿಲ್ಲ, ಮುದುಡಿದರೆ ಮುದುಡಿದ ಆಕಾರ ನಿಲ್ಲುತ್ತದೆ. ದಿನಪತ್ರಿಕೆಯ ನಾರು ಗಿಡ್ಡ, ಕಾಗದವೂ ಸಡಿಲ. ಅದಕ್ಕೇ ನನ್ನ ಉಂಡೆಗಳು ಶಿವಮೊಗ್ಗ ತಲುಪುವ ಹೊತ್ತಿಗೆ ರೊಟ್ಟಿಯಾಗಿದ್ದವು. ಪತ್ರಿಕೆಯ ಮಸಿ ಬಿಳಿ ಬಣ್ಣದ ಗೊಂಬೆಗೂ ರೇಷ್ಮೆಗೂ ಹತ್ತಿಕೊಳ್ಳುತ್ತದೆ ಎಂಬುದು ಬೇರೆ ಮಾತು.

ಕಾಗದ ಮುದುಡುವುದಕ್ಕೂ ಕ್ರಮವಿದೆ. ನೋಡಿ, ತೋಳುದ್ದ ಹರಿದುಕೊಂಡೆ. ಅಂಗೈಗಳ ನಡುವೆ ಗಟ್ಟಿ ಉಂಡೆ ಕಟ್ಟಿದರೆ ಅದು ಕಲ್ಲಾಗುತ್ತದೆ. ಅದಕ್ಕೆ ಕುಸಿಯಲು ದೂರ ಉಳಿಯುವುದಿಲ್ಲ. ಹಾಗೆ ಮಾಡದೆ ಹಾಳೆಯ ಎರಡು ಅಂಚುಗಳನ್ನು ನಡುವಿಗೆ ತಂದು, ಸೆರಗು ನೆರಿಗೆ ಹಿಡಿದ ಹಾಗೆ ಸಡಿಲವಾಗಿ ಹಿಡಿದು, ಒಂದೇ ಒಂದು ಸಲ ತಿರುಚಿ. ಒಳಗೆ ಗಾಳಿಯ ಸಂದುಗಳು ಉಳಿಯಬೇಕು, ಆದರೆ ಒತ್ತಿದರೆ ಕೈಗೆ ಎದುರು ಒತ್ತಬೇಕು. ಇಂಥವನ್ನು ಪೆಟ್ಟಿಗೆಯ ತಳದಲ್ಲಿ ಅಡ್ಡಡ್ಡ, ಅದರ ಮೇಲೆ ಉದ್ದುದ್ದ ಜೋಡಿಸಿ. ಕನಿಷ್ಠ ಮೂರು ಬೆರಳು ದಪ್ಪ. ವಸ್ತುವನ್ನು ನಡುವೆ ಇಟ್ಟು ಸುತ್ತಲೂ ಹಾಗೆಯೇ ತುಂಬಿ. ಮೂಲೆಗಳನ್ನು ಮರೆಯಬೇಡಿ. ಪೆಟ್ಟಿಗೆ ಬೀಳುವುದು ಹೆಚ್ಚಾಗಿ ಮೂಲೆಯ ಮೇಲೆಯೇ, ನಾವು ಕೈಯಾಡಿಸದೆ ಬಿಡುವುದೂ ಮೂಲೆಯನ್ನೇ. ಕೊನೆಗೆ ಪೆಟ್ಟಿಗೆಯ ಬಾಯಿಗಿಂತ ಒಂದು ಬೆರಳು ಎತ್ತರಕ್ಕೆ ಕಾಗದ ಬರಬೇಕು, ಮುಚ್ಚಳ ಅದನ್ನು ಸ್ವಲ್ಪ ಅದುಮಿ ಕೂರಬೇಕು. ಯಾಕೆಂದರೆ ಲಾರಿಯ ಕುಲುಕಾಟಕ್ಕೆ ಕಾಗದ ಇಳಿದೇ ಇಳಿಯುತ್ತದೆ. ಇಳಿದ ಮೇಲೂ ಬಿಗಿ ಉಳಿಯುವಷ್ಟು ತುಂಬಿರಬೇಕು. ಮುಚ್ಚಿದ ಮೇಲೆ ಅತ್ತೆಯವರ ಪರೀಕ್ಷೆ: ಅಲುಗಿಸಿ, ಕಿವಿಗೊಟ್ಟು ಕೇಳಿ.

ಇನ್ನೊಂದು ಕಾಗದ ನಿಮ್ಮಲ್ಲಿ ಕೆಲವರು ಕೊಂಡು ಬೇಸರಪಟ್ಟಿರುವುದು, ಜೇನುಗೂಡು ಕಾಗದ. ಅಂಗಡಿಯಲ್ಲಿ ಹನಿಕೋಂಬ್ ಪೇಪರ್ ಎನ್ನುತ್ತಾರೆ. ಸುರುಳಿಯಲ್ಲಿರುವಾಗ ಸಾಲು ಸಾಲಾಗಿ ಸೀಳು ಹಾಕಿದ ಮಾಮೂಲಿ ಹಾಳೆಯಂತೆ ಕಾಣುತ್ತದೆ. ಎಳೆದಾಗ ಸೀಳುಗಳು ಆರು ಮೂಲೆಯ ಕಣ್ಣುಗಳಾಗಿ ತೆರೆದು, ಕಣ್ಣಿನ ಅಂಚುಗಳು ಎದ್ದು ನಿಲ್ಲುತ್ತವೆ. ಆ ನಿಂತ ಅಂಚುಗಳೇ ಮೆತ್ತೆ. ಹಿಂದಿನ ಸಾಲಿನ ಅಕ್ಕ ಒಬ್ಬರು ಊಟದ ವಿರಾಮದಲ್ಲಿ ತಮ್ಮ ಪಾರ್ಸೆಲ್ ತೋರಿಸಿದರು. ನಾಲ್ಕು ಸುತ್ತು ಸುತ್ತಿದ್ದಾರೆ, ಆದರೆ ಎಳೆಯದೆ ಸುತ್ತಿದ್ದಾರೆ. ಕಣ್ಣು ತೆರೆದೇ ಇಲ್ಲ. ಅಷ್ಟು ದುಡ್ಡು ಕೊಟ್ಟು ತಂದ ಕಾಗದ ಅಲ್ಲಿ ಬರಿಯ ಹೊದಿಕೆಯಾಯಿತು. ಅವರ ತಪ್ಪಲ್ಲ, ಮಾರಿದವರು ತೋರಿಸಿಕೊಡಲಿಲ್ಲ. ಒಂದು ಕೈಯಲ್ಲಿ ಸುರುಳಿಯನ್ನು ತಡೆದು ಹಿಡಿದು ಇನ್ನೊಂದು ಕೈಯಲ್ಲಿ ಪೂರ್ತಿ ಕಣ್ಣು ಬಿಡುವವರೆಗೂ ಎಳೆಯಿರಿ. ಉದ್ದ ಹೆಚ್ಚುತ್ತದೆ, ಅಗಲ ಕುಗ್ಗುತ್ತದೆ. ಎಳೆದ ಬಿಗಿ ಸಡಿಲಿಸದೆ ಸುತ್ತಿ. ಎರಡನೆಯ ಸುತ್ತು ಮೊದಲನೆಯದರ ಕಣ್ಣುಗಳಿಗೆ ಸಿಕ್ಕಿಕೊಂಡು ತಾನಾಗಿ ನಿಲ್ಲುತ್ತದೆ, ಟೇಪು ಬೇಕಾಗುವುದಿಲ್ಲ. ಗಿಳಿಯ ಕೊಕ್ಕಿನಂಥ ಚಾಚಿದ ಜಾಗಕ್ಕೆ ಮೊದಲು ಒಂದು ತುಂಡನ್ನು ಪ್ರತ್ಯೇಕವಾಗಿ ಸುತ್ತಿ, ಆಮೇಲೆ ಇಡೀ ಮೈಗೆ ಮೂರು ಸುತ್ತು.

ಅಚ್ಚಿನ ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ನಿಮ್ಮೆಲ್ಲರ ಮನೆಗೆ ಮೊಟ್ಟೆಯ ಜೊತೆ ಬಂದಿದೆ. ಮೂವತ್ತು ಮೊಟ್ಟೆಯ ಆ ಬೂದು ಟ್ರೇ ಹಳೆಯ ಕಾಗದವನ್ನು ನೀರಿನಲ್ಲಿ ಕದಡಿ, ಜಾಲರಿಯ ಅಚ್ಚಿನ ಮೇಲೆ ನೀರು ಹೀರಿ ತೆಗೆದು ಒಣಗಿಸಿದ್ದು. ಕೆನಡಾದಲ್ಲಿ 1911ರಲ್ಲಿ ಜೋಸೆಫ್ ಕಾಯ್ಲ್ ಎಂಬ ಪತ್ರಿಕೆಯವನು ಒಬ್ಬ ರೈತನಿಗೂ ಹೋಟೆಲಿನವನಿಗೂ ಒಡೆದ ಮೊಟ್ಟೆಗಳ ಬಗ್ಗೆ ನಡೆಯುತ್ತಿದ್ದ ಜಗಳ ಕೇಳಿ ಕಾಗದದ ಮೊಟ್ಟೆಪೆಟ್ಟಿಗೆ ಮಾಡಿದ. ಅಚ್ಚು ಮಾಡಿಸುವುದು ದುಬಾರಿ. ಒಂದೇ ಅಳತೆಯ ಸಾವಿರಾರು ವಸ್ತುಗಳನ್ನು ಕಳುಹಿಸುವವರಿಗೆ ಮಾತ್ರ ಅದು ಗಿಟ್ಟುತ್ತದೆ. ನಮ್ಮಲ್ಲಿ ಒಂದು ಗೊಂಬೆಯಂತೆ ಇನ್ನೊಂದಿರುವುದಿಲ್ಲ. ಆದರೆ ಹಣತೆ, ಸಣ್ಣ ಕುಂಡ, ಗಾಜಿನ ಸಣ್ಣ ಶೀಶೆ ಕಳುಹಿಸುವವರು ಶುಭ್ರವಾದ ಮೊಟ್ಟೆಯ ಟ್ರೇಯನ್ನೇ ಕತ್ತರಿಸಿ ಬಳಸಬಹುದು. ನಾನು ಬಳಸುತ್ತೇನೆ.

ಮಳೆಯ ಮಾತು. ಕಾಗದಕ್ಕೆ ಪೆಟ್ಟಿಗಿಂತ ತೇವ ದೊಡ್ಡ ಶತ್ರು. ಗಾಳಿಯಲ್ಲಿ ತೇವ ನೂರಕ್ಕೆ ತೊಂಬತ್ತರಷ್ಟಾದರೆ ರಟ್ಟಿನ ಪೆಟ್ಟಿಗೆ ಭಾರ ತಡೆಯುವ ಶಕ್ತಿಯಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳಬಹುದು. ಒಂದು ಹನಿ ನೀರು ಬೀಳಬೇಕಾಗಿಲ್ಲ, ಆಷಾಢದ ಗಾಳಿಯೇ ಸಾಕು. ನಾನು ಕಾಗದದ ಸುರುಳಿಗಳನ್ನು ನೆಲದ ಮೇಲೆ ಇಡುವುದಿಲ್ಲ, ಗೋಡೆಗೂ ತಾಗಿಸುವುದಿಲ್ಲ. ಮರದ ಹಲಗೆಯ ಮೇಲಿಟ್ಟು ಬಟ್ಟೆ ಹೊದಿಸುತ್ತೇನೆ. ಮಲೆನಾಡಿಗೂ ಕರಾವಳಿಗೂ ಹೋಗುವ ಪಾರ್ಸೆಲ್ ಆದರೆ ಮೂರು ಪ್ಲೈ ಬದಲು ಐದು ಪ್ಲೈ ಬಾಕ್ಸ್, ಒಳಗೆ ಕಾಗದ ಕಾಲುಪಾಲು ಹೆಚ್ಚು. ರೇಷ್ಮೆ ಸೀರೆ, ಮರದ ಮೇಲೆ ಕುಸುರಿ ಕೂರಿಸಿದ ಇನ್‌ಲೇ ಚಿತ್ರ, ಇಂಥವು ನೀರು ತಾಗಿದರೆ ಹೋದಂತೆಯೇ. ಮಳೆಗಾಲದಲ್ಲಿ ಇವುಗಳಿಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಬೇಕಾಗಿ ಬಂದರೆ ಹಾಕಿ, ಆದರೆ ಅದನ್ನು ಕಾಗದಕ್ಕೆ ಅಂಟಿಸಬೇಡಿ. ಕೈಯಲ್ಲಿ ಎಳೆದರೆ ಬೇರೆಯಾಗಿ ಬರಬೇಕು. ಯಾಕೆ ಎಂಬುದನ್ನೇ ಈಗ ಹೇಳಲಿದ್ದೇನೆ.

ಪೆಟ್ಟಿಗೆಯ ಮೇಲೆ ಮೂರು ಬಾಣಗಳ ಚಿಹ್ನೆ ಮುದ್ರಿಸಿದ ಮಾತ್ರಕ್ಕೆ ಅದು ಮರುಬಳಕೆಯಾಗುವುದಿಲ್ಲ. ಅದು ಮತ್ತೆ ಕಾಗದವಾಗುತ್ತದೋ ಇಲ್ಲವೋ ಎನ್ನುವುದು ತೀರ್ಮಾನವಾಗುವುದು ಗುಜರಿ ಅಂಗಡಿಯ ತಕ್ಕಡಿಯಲ್ಲಿ. ಮಂಡಿ ಮೊಹಲ್ಲದ ಕಡೆ ಒಂದು ಗುಜರಿ ಅಂಗಡಿಯಲ್ಲಿ ನಾನು ಒಂದು ಮಧ್ಯಾಹ್ನ ಪೂರ್ತಿ ಕುಳಿತಿದ್ದೆ. ರಟ್ಟು ಬಂದರೆ ಕಾಲಿನಿಂದ ತುಳಿದು ಚಪ್ಪಟೆ ಮಾಡಿ ಕಟ್ಟು ಕಟ್ಟುತ್ತಾರೆ. ಟೇಪು ಮೆತ್ತಿದ ರಟ್ಟನ್ನು ಬೇರೆ ಹಾಕುತ್ತಾರೆ, ಅದಕ್ಕೆ ಬೆಲೆ ಕಡಿಮೆ. ಎಣ್ಣೆ ಹೀರಿದ್ದು, ಒದ್ದೆಯಾದದ್ದು, ಒಳಗೆ ಪ್ಲಾಸ್ಟಿಕ್ ಪೊರೆ ಅಂಟಿಸಿದ ಹೊಳೆಯುವ ಕಾಗದ ಬೇಡವೇ ಬೇಡ ಎನ್ನುತ್ತಾರೆ. ಇದು ಅವರ ಹಟವಲ್ಲ. ಕಾರ್ಖಾನೆಯಲ್ಲಿ ಹಳೆಯ ಕಾಗದವನ್ನು ದೊಡ್ಡ ತೊಟ್ಟಿಯಲ್ಲಿ ನೀರು ಹಾಕಿ ಕಡೆಯುತ್ತಾರೆ, ಮಜ್ಜಿಗೆ ಕಡೆದ ಹಾಗೆ. ನಾರು ಬಿಡಿಬಿಡಿಯಾಗಿ ನೀರಿಗೆ ಬರಬೇಕು. ಪ್ಲಾಸ್ಟಿಕ್ ಪೊರೆಯ ಹಿಂದಿರುವ ನಾರು ಸುಲಭವಾಗಿ ಬಿಡುವುದಿಲ್ಲ. ಟೇಪಿನ ಅಂಟು ಕರಗದೆ ಚೂರುಚೂರಾಗಿ ಉಳಿದು ಹೊಸ ಹಾಳೆಯಲ್ಲಿ ಕಲೆಯಾಗಿ ಕೂರುತ್ತದೆ. ನಂಜನಗೂಡು ತಾಲ್ಲೂಕಿನಲ್ಲೇ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಹಳೆಯ ಕಾಗದದಿಂದ ಕ್ರಾಫ್ಟ್ ಮಾಡುತ್ತದೆ. ಅಂದರೆ ನಾವು ಇಲ್ಲಿ ಹರಿದು ಬಳಸುವ ಕಾಗದ ಎಲ್ಲೋ ದೂರದ ದೇಶಕ್ಕೆ ಹೋಗಿ ಮರುಹುಟ್ಟು ಪಡೆಯಬೇಕಾಗಿಲ್ಲ, ನಂಜುಂಡೇಶ್ವರನ ಊರಿನ ದಾರಿಯಲ್ಲೇ ಆ ಕೆಲಸ ನಡೆಯುತ್ತದೆ.

ಹಾಗಾಗಿ ನನ್ನದೊಂದು ಗಟ್ಟಿಯಾದ ಕೋರಿಕೆ: ಆ ಕಂದು ಬಣ್ಣದ ಪ್ಲಾಸ್ಟಿಕ್ ಟೇಪನ್ನು ಬಿಡಿ. ಬಣ್ಣ ನೋಡಿ ಕಾಗದ ಎಂದುಕೊಂಡಿರುತ್ತೀರಿ. ಹರಿದು ನೋಡಿ, ನಾರು ಕಾಣುವುದಿಲ್ಲ, ಎಳೆದಷ್ಟೂ ಹಿಗ್ಗುತ್ತದೆ. ಒಳಗೆಲ್ಲ ಕಾಗದ ಇಟ್ಟು ಹೊರಗೆ ಇದನ್ನು ಸುತ್ತಿದರೆ ಮಾಡಿದ ಕೆಲಸವನ್ನೆಲ್ಲ ಬಾಗಿಲಲ್ಲಿ ಕೆಡಿಸಿದಂತೆ. ನೀರು ಸವರಿ ಅಂಟಿಸುವ ಕಾಗದದ ಪಟ್ಟಿ ಸಿಗುತ್ತದೆ. ಅದರ ಹಿಂದಿರುವುದು ಪಿಷ್ಟದ ಅಂಟು, ಹಳೆಯ ಅಂಚೆ ಚೀಟಿಗೆ ನೀರು ಹಚ್ಚಿ ಅಂಟಿಸಿದ ಹಾಗೆ. ಕಾರ್ಖಾನೆಯ ತೊಟ್ಟಿಯಲ್ಲಿ ಅದು ಕರಗಿಹೋಗುತ್ತದೆ. ಕಾಗದದ ನಾರಿನೊಳಕ್ಕೇ ಇಳಿದು ಹಿಡಿಯುವುದರಿಂದ ದಾರಿಯಲ್ಲಿ ಯಾರಾದರೂ ಬಿಚ್ಚಿದ್ದರೆ ಗುರುತು ಸಿಗುತ್ತದೆ, ಇದೊಂದು ಲಾಭ.

ಥರ್ಮಕೋಲ್ ಬಗ್ಗೆ ಕೇಳಿದ್ದೀರಿ. ಅದರಲ್ಲಿ ನೂರಕ್ಕೆ ಸುಮಾರು 98 ಭಾಗ ಗಾಳಿ. ಪ್ಯಾಕಿಂಗ್‌ಗೆ ಬಳಸುವ ಥರ್ಮಕೋಲ್ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ರಾಶಿ ಇದ್ದರೂ ತೂಗುವುದು ಹದಿನೈದಿಪ್ಪತ್ತು ಕಿಲೋ. ತೂಕದ ಮೇಲೆ ಬದುಕುವ ಗುಜರಿಯವರು ಅದನ್ನು ಯಾಕೆ ಮುಟ್ಟುತ್ತಾರೆ? ತಳ್ಳುಗಾಡಿ ತುಂಬಿ ಹೋಗುತ್ತದೆ, ಸಂಜೆಯ ಊಟಕ್ಕೆ ಹುಟ್ಟುವುದಿಲ್ಲ. ಅದು ಪುಡಿಪುಡಿಯಾಗಿ ಮೋರಿ ಸೇರುವುದನ್ನು ಗೌರಿ ಗಣೇಶ ಹಬ್ಬದ ಮರುದಿನ ನೀವೇ ನೋಡಿದ್ದೀರಿ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ನಡುವೆ ಮೊದಲ ಸ್ಥಾನ ಪಡೆದ ಊರು ನಮ್ಮದು. ಬೆಳಗಿನ ಆರು ಗಂಟೆಗೆ ಪೊರಕೆ ಹಿಡಿದವರು ಆ ಹೆಸರು ತಂದುಕೊಟ್ಟರು. ನಮ್ಮ ಪಾರ್ಸೆಲ್ ಬಿಚ್ಚಿದ ಮನೆಯಲ್ಲಿ ಉಳಿಯುವ ಕಸವೂ ಯಾರೋ ಒಬ್ಬ ಪೌರಕಾರ್ಮಿಕರ ಕೈಗೆ ಹೋಗುತ್ತದೆ. ನನಗೆ ಕಾಗದ ಮುಖ್ಯವಾದದ್ದು ಅಲ್ಲಿಂದ.

2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಕೋಲ್ ಇದೆ, ಸಿಹಿತಿಂಡಿ ಡಬ್ಬಿಗಳ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಇದೆ. ಬಬಲ್ ರ‍್ಯಾಪ್ ಆ ಪಟ್ಟಿಯಲ್ಲಿಲ್ಲ. ಕಾನೂನು ಹೇಳಲಿ ಎಂದು ಕಾಯುವ ಕೆಲಸ ಇದಲ್ಲ ಎಂದು ನಾನು ನಂಬಿದ್ದೇನೆ. ಸಿಹಿತಿಂಡಿ ಎಂದಾಗ ನೆನಪಾಯಿತು, ಮೈಸೂರು ಪಾಕ್, ಚಕ್ಕುಲಿ, ಕೋಡುಬಳೆ ಕಳುಹಿಸುವ ಸಂಘದವರು ಇಲ್ಲಿದ್ದೀರಿ. ತಿಂಡಿಗೆ ದಿನಪತ್ರಿಕೆ ತಾಗಲೇಬಾರದು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳೇ ಅದನ್ನು ನಿಷೇಧಿಸಿವೆ, ಮುದ್ರಣದ ಮಸಿ ಎಣ್ಣೆಗೆ ಬಿಟ್ಟುಕೊಳ್ಳುತ್ತದೆ. ಹಳೆಯ ಕಾಗದದಿಂದ ಮಾಡಿದ ಕಂದು ಕ್ರಾಫ್ಟ್ ಕೂಡ ತಿಂಡಿಗೆ ನೇರವಾಗಿ ತಾಗುವುದು ಬೇಡ. ತಿಂಡಿ ತನ್ನ ಡಬ್ಬಿಯಲ್ಲಿ ಮುಚ್ಚಿಕೊಂಡಿರಲಿ, ಡಬ್ಬಿಯ ಸುತ್ತ ಕಾಗದದ ಮೆತ್ತೆ ಇರಲಿ. ಇದೇ ಊರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಆಹಾರದ ಪ್ಯಾಕಿಂಗ್‌ಗೇ ಒಂದು ವಿಭಾಗವಿದೆ. ನಿಮ್ಮ ತಿಂಡಿ ಎಷ್ಟು ದಿನ ಗರಿಗರಿಯಾಗಿ ಉಳಿಯಬೇಕು ಎಂಬ ಪ್ರಶ್ನೆಯನ್ನು ಅಲ್ಲಿಗೆ ಒಯ್ಯಿರಿ, ಅದು ನನ್ನ ವಿದ್ಯೆಯಲ್ಲ.

ಖರ್ಚು ಹೆಚ್ಚಾಗುವುದಿಲ್ಲವೇ ಎಂಬ ಪ್ರಶ್ನೆ ಮೂರು ಚೀಟಿಗಳಲ್ಲಿ ಬಂದಿದೆ. ಮೀಟರಿಗೆ ಮೀಟರ್ ಹೋಲಿಸಿದರೆ ಹೌದು, ಜೇನುಗೂಡು ಕಾಗದ ಬಬಲ್ ರ‍್ಯಾಪ್‌ಗಿಂತ ದುಬಾರಿ, ತೂಕವೂ ಹೆಚ್ಚು. ಆದರೆ ನಾವು ದುಡ್ಡು ಸುರಿಯುತ್ತಿರುವುದು ಬೇರೆ ಕಡೆ. ಕೊರಿಯರ್‌ನವರು ಪೆಟ್ಟಿಗೆಯ ತೂಕವನ್ನಷ್ಟೇ ನೋಡುವುದಿಲ್ಲ, ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಅನೇಕರು 5000ದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಕಿಲೋ ಎಂದು ಲೆಕ್ಕ ಹಿಡಿಯುತ್ತಾರೆ. 40, 30, 30ರ ಪೆಟ್ಟಿಗೆ 7.2 ಕಿಲೋ ಆಗುತ್ತದೆ, ಒಳಗಿರುವ ಗೊಂಬೆ ಒಂದೇ ಕಿಲೋ ಇದ್ದರೂ. ಅದೇ ಗೊಂಬೆ 30, 25, 20ರ ಪೆಟ್ಟಿಗೆಯಲ್ಲಿ ಮೂರು ಬೆರಳು ಮೆತ್ತೆಯೊಂದಿಗೆ ಕೂತರೆ 3 ಕಿಲೋ. ನನ್ನ ಅಂಗಡಿಯಲ್ಲಿ ಹಿಂದೆ ಒಂದೇ ಅಳತೆಯ ಪೆಟ್ಟಿಗೆ ಇತ್ತು, ಈಗ ಐದು ಅಳತೆಗಳಿವೆ. ಕಾಗದದ ಹೆಚ್ಚುವರಿ ಖರ್ಚು ಅಲ್ಲೇ ತೀರಿಹೋಯಿತು. ಶಿವಮೊಗ್ಗದ ಆ ಪೆಟ್ಟಿಗೆಯ ಅಂಗೈಯಗಲ ಖಾಲಿ ಜಾಗಕ್ಕೆ ನಾನು ಬಾಡಿಗೆಯನ್ನೂ ಕೊಟ್ಟಿದ್ದೆ, ಗೊಂಬೆಗಳನ್ನೂ ಕೊಟ್ಟಿದ್ದೆ.

ಕಾಗದವನ್ನು ಎಷ್ಟು ಬೇಕಾದರೂ ಸುರಿಯಬಹುದು ಎಂದು ಇದರಿಂದ ತಿಳಿಯಬೇಡಿ. ಕಾಗದ ಮಾಡಲು ನೀರು ಬೇಕು, ಬೆಂಕಿ ಬೇಕು, ಎಲ್ಲೋ ಒಂದು ಮರ ಬೇಕು. ಪ್ರತಿ ಸಲ ಕಡೆದಾಗಲೂ ನಾರು ಗಿಡ್ಡವಾಗುತ್ತದೆ. ಐದರಿಂದ ಏಳು ಸಲದ ಮೇಲೆ ಅದು ಹಾಳೆಯಾಗಿ ಹಿಡಿದು ನಿಲ್ಲುವುದಿಲ್ಲ, ಹೊಸ ನಾರು ಸೇರಲೇಬೇಕು. ನಮ್ಮ ಕಡೆ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡಿದ ಚರಿತ್ರೆಯೇ ಇದೆ. ಕನ್ನಂಬಾಡಿ ಕಟ್ಟೆಯ ಬಳಿ, ಬೆಳಗೊಳದಲ್ಲಿ, ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಇತ್ತು. ಈಗ ಮುಚ್ಚಿದೆ. ಮಂಡ್ಯದ ಆಲೆಮನೆಗಳ ಹಿಂದೆ ಸಿಪ್ಪೆಯ ರಾಶಿ ಕಂಡಾಗಲೆಲ್ಲ ನನಗೆ ಆ ಕಾರ್ಖಾನೆ ನೆನಪಾಗುತ್ತದೆ, ಹೊಟ್ಟೆ ಉರಿಯುತ್ತದೆ. ಆ ಸಿಪ್ಪೆ ಬೆಲ್ಲದ ಒಲೆಗೆ ಬೇಕು ಎಂಬುದೂ ಗೊತ್ತಿದೆ. ಆದರೂ ಸಕ್ಕರೆ ಕಾರ್ಖಾನೆಗಳ ಈ ಜಿಲ್ಲೆಯಲ್ಲಿ ಮೊಟ್ಟೆಯ ಟ್ರೇಯಂಥ ಅಚ್ಚಿನ ಮೆತ್ತೆಗಳನ್ನು ಕಬ್ಬಿನ ನಾರಿನಿಂದ ಮಾಡಲು ಯಾರಾದರೂ ಮುಂದೆ ಬಂದರೆ ನಾನು ಮೊದಲ ಗಿರಾಕಿ.

ಮರುಬಳಕೆಗೂ ಮೊದಲು ಮತ್ತೊಮ್ಮೆ ಬಳಕೆ. ಗೊಂಬೆಯ ಪ್ರತಿ ಪೆಟ್ಟಿಗೆಯಲ್ಲೂ ನಾನು ಒಂದು ಚೀಟಿ ಇಡುತ್ತೇನೆ: "ಈ ಕಾಗದವನ್ನು ಹರಿಯದೆ ಬಿಚ್ಚಿ, ಮಡಿಸಿ, ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ಹಬ್ಬ ಮುಗಿದ ಮೇಲೆ ಗೊಂಬೆ ಕಟ್ಟಿಡಲು ಬೇಕಾಗುತ್ತದೆ." ಜೇನುಗೂಡು ಕಾಗದ ಟೇಪಿಲ್ಲದೆ ನಿಲ್ಲುವುದರಿಂದ ಹರಿಯದೆ ಬಿಚ್ಚಿಕೊಳ್ಳುತ್ತದೆ. ಅಟ್ಟದ ಮೇಲೆ ಕೂರುವ ಗೊಂಬೆಗೆ ಲಾರಿಯ ಪೆಟ್ಟಿಲ್ಲ, ಒಮ್ಮೆ ಮುದುಡಿದ ಕಾಗದ ಅಲ್ಲಿಗೆ ಧಾರಾಳವಾಗಿ ಸಾಕು. ಒಂದಿಷ್ಟು ಒಣಗಿದ ಬೇವಿನ ಎಲೆ ಹಾಕಿಡಿ, ಹುಳ ಬರುವುದಿಲ್ಲ. ಅದೇ ಶಿವಮೊಗ್ಗದ ಮನೆಯವರು ಒಡೆದ ನಾಲ್ಕರ ಬದಲಿಗೆ ನಾನು ಕಳುಹಿಸಿದ ಗೊಂಬೆಗಳ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಹೋದ ವರ್ಷ ಮೈಸೂರಿಗೆ ಬಂದಾಗ ಹೇಳಿದರು.

ಹತ್ತೂ ಸಲ ಬೀಳಿಸಿದ್ದಾಯಿತೇ? ಪೆಟ್ಟಿಗೆ ಇಲ್ಲಿ ಕೊಡಿ. ಮೊದಲು ಬಿದ್ದ ಮೂಲೆ ಇದು, ನೋಡಿ, ಒಳಕ್ಕೆ ಜಜ್ಜಿದೆ. ಅಲುಗಿಸುತ್ತೇನೆ, ಸದ್ದಿಲ್ಲ. ಆ ಮೂಲೆಯ ಕಾಗದ ಪೂರ್ತಿ ಅಪ್ಪಚ್ಚಿಯಾಗಿದೆ, ಎದುರು ಮೂಲೆಯದು ಹಾಗೆಯೇ ಉಬ್ಬಿಕೊಂಡಿದೆ. ಈಗ ಗಿಳಿ. ಕೊಕ್ಕು ಇದೆ. ಬಾಲವೂ ಇದೆ. ಆದರೆ ಬಾಲದ ತುದಿಯಲ್ಲಿ ಹಸಿರು ಬಣ್ಣ ಒಂದು ಎಳ್ಳುಕಾಳಿನಷ್ಟು ಉಜ್ಜಿಹೋಗಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಜೇನುಗೂಡಿನ ಅಂಚು ತಾಗಿ ತಾಗಿ ಹಾಗಾಗಿದೆ. ಬಣ್ಣದ ಮೈಗೆ ಅದನ್ನು ನೇರವಾಗಿ ಸುತ್ತಬಾರದಿತ್ತು, ಒಳಗೆ ಒಂದು ಸುತ್ತು ತೆಳುವಾದ ಬಿಳಿ ಟಿಷ್ಯೂ ಕಾಗದ ಬೇಕಿತ್ತು. ಅತ್ತೆಯವರು ಮೊದಲು ಹತ್ತಿಯ ಸೀರೆಯ ತುಂಡು ಸುತ್ತುತ್ತಿದ್ದದ್ದು ಇದಕ್ಕೇ ಇರಬೇಕು. ನಾಳೆ ಹೊರಡುವ ಪಾರ್ಸೆಲ್‌ಗಳು ಅಂಗಡಿಯಲ್ಲಿ ಇನ್ನೂ ಹನ್ನೊಂದು ಇವೆ. ಹೋಗಿ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟುತ್ತೇನೆ. ಸುರುಳಿ ಇಲ್ಲಿಯೇ ಇದೆ. ಬನ್ನಿ, ಒಬ್ಬೊಬ್ಬರಾಗಿ ತೋಳುದ್ದ ಹರಿದುಕೊಂಡು ಎಳೆದು ನೋಡಿ.